ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋದು

ರಾಲಿ, ನಾರ್ತ್ ಕೆರೊಲಿನಾ

ಚಿರಂಜೀವಿ ಅನಿರುದ್ಧನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವು ಕ್ಷೇಮ. ನೀನು, ಸ್ಫೂರ್ತಿ ಇಬ್ಬರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪ ಅಮ್ಮ ಏಪ್ರಿಲ್ ಕೊನೆಗೆ ನಿಮ್ಮ ಊರು ಕೊಲಂಬಸ್‌ಗೆ ಬಂದು ಅಕ್ಟೋಬರ್‌ವರೆಗೆ ಇರುತ್ತಾರೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನೀನು ಕಳಿಸಿದ ಪ್ಲಾನನ್ನೂ ನೋಡಿದೆ. ಜುಲೈನಲ್ಲಿ ಹತ್ತು ದಿನ ರಜೆ. ಅಷ್ಟರಲ್ಲೇ ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್, ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್, ಯೊಸೆಮಿಟಿ, ಸ್ಯಾನ್ ಫ್ರಾನ್ಸಿಸ್ಕೋ. ಇದು ಬೇಡ ಕಣೋ. ಆರು ತಿಂಗಳು ಇಲ್ಲೇ ಇರುವವರನ್ನು ಹತ್ತು ದಿನ ಓಡಿಸುವುದು ಯಾಕೆ? ಈ ದೇಶದಲ್ಲಿ ಒಂದೊಂದು ಜಾಗಕ್ಕೂ ಒಂದೊಂದು ಕಾಲ ಇದೆ. ಆ ಕಾಲಕ್ಕೆ ಹೋದರೇನೇ ಅದರ ಚೆಂದ ಸಿಗುವುದು. ಮೊದಲು ತಿಂಗಳು ನೋಡು, ಆಮೇಲೆ ಜಾಗ ಆರಿಸು. ಇರುವ ಹತ್ತು ದಿನವನ್ನೇ ಮೂರು ಪಾಲು ಮಾಡು. ಶನಿವಾರ ಭಾನುವಾರ ಹೇಗೂ ಸೇರಿಕೊಳ್ಳುತ್ತೆ ಅಲ್ವಾ?

ಮೇ ತಿಂಗಳಿಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕ್ ಇಟ್ಟುಕೋ. ಇದನ್ನು ಮಾತ್ರ ಜುಲೈ ಕೊನೆಗೋ ಆಗಸ್ಟಿಗೋ ತಳ್ಳಬೇಡ. ನಿಮ್ಮಪ್ಪ ಸಾಗರದವರು, ಜೋಗ ನೋಡಿಕೊಂಡೇ ಬೆಳೆದವರು. ಅವರ ಲೆಕ್ಕದಲ್ಲಿ ಜಲಪಾತ ಅಂದರೆ ಜುಲೈ, ಆಗಸ್ಟ್. ಮೇ ತಿಂಗಳಲ್ಲಿ ಜೋಗಕ್ಕೆ ಹೋದರೆ ಕಾಣುವುದು ಬಂಡೆಯೇ ಜಾಸ್ತಿ. ಯೊಸೆಮಿಟಿಯಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ. ಚಳಿಗಾಲದಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ಮೇಲೆ ಬಿದ್ದ ಹಿಮ ಕರಗಿಯೇ ನೀರು ಬರಬೇಕು. ಮೇ ತಿಂಗಳಲ್ಲಿ, ಜೂನ್ ಮೊದಲಲ್ಲಿ ಯೊಸೆಮಿಟಿ ಫಾಲ್ಸ್ ಮೈದುಂಬಿ ಸುರಿಯುತ್ತದೆ. ಆಗಸ್ಟ್ ಹೊತ್ತಿಗೆ ಎಷ್ಟೋ ವರ್ಷ ಒಣಗಿಯೇ ಹೋಗಿರುತ್ತದೆ. ಜೋಗ 830 ಅಡಿ, ಇದು ಮೂರು ಹಂತ ಸೇರಿ 2,425 ಅಡಿ. ಅಪ್ಪನಿಗೆ ಮೊದಲೇ ಹೇಳಬೇಡ, ಅಲ್ಲಿ ನಿಂತು ಅವರೇ ನೋಡಲಿ.

ಕೆಳಗಿನ ಹಂತದ ಬುಡಕ್ಕೆ ಸುಮಾರು ಒಂದು ಮೈಲಿಯ ಸುತ್ತುದಾರಿ ಇದೆ. ಅಮ್ಮನ ಮಂಡಿಗೆ ಕಷ್ಟ ಆಗುವುದಿಲ್ಲ. ಪೂರ್ವದ ಬದಿಯಿಂದ ಹೋದರೆ ವೀಲ್‌ಚೇರ್ ಕೂಡ ಹೋಗುತ್ತದೆ. ಸೇತುವೆ ಹತ್ತಿರ ಹೋಗುತ್ತಿದ್ದ ಹಾಗೆ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಎರಚಲು ಕನ್ನಡಕದ ಮೇಲೆ ಕೂತು ಎದುರಿನದೆಲ್ಲ ಮಸುಕು. ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಇಬ್ಬರಿಗೂ ಸ್ವೆಟರ್, ಮೇಲೊಂದು ರೇನ್‌ಕೋಟ್ ಇರಲಿ. ಬಂಡೆ ತುಂಬಾ ಜಾರುತ್ತದೆ, ಫೋಟೋಗೆ ಅಂತ ಹತ್ತಲು ಬಿಡಬೇಡ. ಏಪ್ರಿಲ್‌ನಿಂದ ಜೂನ್‌ವರೆಗೆ, ಹುಣ್ಣಿಮೆಯ ಆಸುಪಾಸಿನಲ್ಲಿ ಆಕಾಶ ತಿಳಿಯಾಗಿದ್ದರೆ, ಇದೇ ಎರಚಲಿನಲ್ಲಿ ಬೆಳದಿಂಗಳ ಕಾಮನಬಿಲ್ಲು ಮೂಡುತ್ತದೆ. ಹಾಗಾಗಿ ಪಂಚಾಂಗ ನೋಡಿಯೇ ವಿಮಾನದ ಟಿಕೆಟ್ ಮಾಡು.

ಕಣಿವೆಯ ಒಳಗಿನ ರೂಮುಗಳಿಗೆ ಒಂದು ವರ್ಷ ಮೊದಲೇ ಬುಕಿಂಗ್ ಶುರುವಾಗುತ್ತದೆ. ಈಗ ಸಿಗುವುದು ಕಷ್ಟ. ಯಾರಾದರೂ ಕ್ಯಾನ್ಸಲ್ ಮಾಡಿದ್ದಾರಾ ಅಂತ ದಿನಾ ಒಮ್ಮೆ ನೋಡುತ್ತಿರು. ಸಿಗದಿದ್ದರೆ ಪಾರ್ಕಿನ ಹೊರಗಿನ ಊರುಗಳಾದ ಎಲ್ ಪೋರ್ಟಲ್‌ನಲ್ಲೋ ಮಾರಿಪೋಸಾದಲ್ಲೋ ಇರಿ. ಅಲ್ಲಿಂದ ಯಾರ್ಟ್ಸ್ ಬಸ್ ಒಳಗೆ ಹೋಗುತ್ತದೆ, ಪಾರ್ಕಿಂಗ್ ಗೋಳು ತಪ್ಪುತ್ತದೆ. ಮೂರು ರಾತ್ರಿಗಿಂತ ಕಡಿಮೆ ಮಾಡಬೇಡ. ಬೆಳಿಗ್ಗೆ ಏಳಕ್ಕೆ ಕಣಿವೆಯಲ್ಲಿ ಜನ ಇರುವುದಿಲ್ಲ. ಆಗ ನೋಡಿದ್ದೇ ಮನಸ್ಸಿನಲ್ಲಿ ಉಳಿಯುವುದು.

ಜುಲೈ, ಆಗಸ್ಟಿನಲ್ಲಿ ದೂರದ ಊರು ಬೇಡ. ಬಿಸಿಲು, ಶಾಲೆಗೆ ರಜೆ, ಎಲ್ಲ ಕಡೆ ಜನ. ನಯಾಗರ ನಿಮ್ಮಿಂದ ಒಂದು ದಿನದ ಡ್ರೈವ್, ಒಂದು ಲಾಂಗ್ ವೀಕೆಂಡ್ ಸಾಕು. ದೋಣಿಯಲ್ಲಿ ಖಂಡಿತ ಕೂರಿಸು. ಸೇತುವೆಯ ಆಚೆ ಕೆನಡಾ. ಅಪ್ಪ ಅಮ್ಮನಿಗೆ ಬೇರೆ ವೀಸಾ ಬೇಕು, ಈ ಬದಿಯಲ್ಲೇ ಇದ್ದು ಬನ್ನಿ. ವಾಷಿಂಗ್ಟನ್ ಕೂಡ ಈ ತಿಂಗಳುಗಳಿಗೆ ಸರಿ. ಸ್ಮಿತ್‌ಸೋನಿಯನ್ ಮ್ಯೂಸಿಯಂಗಳಿಗೆ ಟಿಕೆಟ್ ಹಣ ಇಲ್ಲ, ಒಳಗೆ ತಂಪು.

ನಿನ್ನ ಪ್ಲಾನಿನಲ್ಲಿ ಆಂಟಿಲೋಪ್ ಕ್ಯಾನ್ಯನ್ ಹೆಸರೂ ಇತ್ತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅರಿಜೋನಾ ಕಡೆ ಇದ್ದಕ್ಕಿದ್ದ ಹಾಗೆ ಗುಡುಗು ಮಳೆ ಬರುತ್ತದೆ. 1997ರ ಆಗಸ್ಟ್ 12ರಂದು ಎಲ್ಲೋ ಮೈಲಿಗಟ್ಟಲೆ ದೂರ ಸುರಿದ ಮಳೆಯ ನೀರು ಆ ಇಕ್ಕಟ್ಟಿನ ಕೊರಕಲಿಗೆ ನುಗ್ಗಿ 11 ಪ್ರವಾಸಿಗರು ಸತ್ತರು. ಈಗ ಗೈಡ್ ಇಲ್ಲದೆ ಬಿಡುವುದಿಲ್ಲ. ಆದರೂ ಮಂಡಿನೋವಿನ ಅಮ್ಮನನ್ನು ಆ ಕಾಲದಲ್ಲಿ ಅಲ್ಲಿಗೆ ಇಳಿಸುವುದು ನನಗೆ ಇಷ್ಟ ಇಲ್ಲ. ಬಿಟ್ಟುಬಿಡು.

ಅರಿಜೋನಾದ್ದೇ ಆದ ಗ್ರ್ಯಾಂಡ್ ಕ್ಯಾನ್ಯನ್ ಸೆಪ್ಟೆಂಬರ್ ಕೊನೆಗೆ ಇರಲಿ. ಕಣಿವೆಯ ದಕ್ಷಿಣದ ಅಂಚು, ಅಂದರೆ ಸೌತ್ ರಿಮ್‌ಗೇ ಹೋಗು. ವೇಗಸ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಬಸ್ಸುಗಳಿವೆ, ಬೇಡವೇ ಬೇಡ. ಹೋಗಲು ನಾಲ್ಕೂವರೆ ಗಂಟೆ, ಬರಲು ಅಷ್ಟೇ. ಇನ್ನು ನೋಡುವುದು ಯಾವಾಗ? ಗಾಜಿನ ಸ್ಕೈವಾಕ್ ಇರುವ ವೆಸ್ಟ್ ರಿಮ್ ಹುವಾಲಪೈ ಅನ್ನುವ ಮೂಲನಿವಾಸಿ ಜನರ ಜಮೀನು. ಅದು ನ್ಯಾಷನಲ್ ಪಾರ್ಕ್ ಅಲ್ಲ, ಪಾರ್ಕಿನ ಪಾಸೂ ಅಲ್ಲಿ ನಡೆಯುವುದಿಲ್ಲ. ಬುಕ್ ಮಾಡುವಾಗ ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಪ್ಪನಿಗೆ ಬಿಪಿ ಇದೆ, ಮೊದಲ ದಿನ ಜಾಸ್ತಿ ನಡೆಸಬೇಡ. ಅಂಚಿನ ಉದ್ದಕ್ಕೂ ಉಚಿತ ಬಸ್ ಇದೆ. ಯವಪೈ ಭೂವಿಜ್ಞಾನ ಮ್ಯೂಸಿಯಂ ಹತ್ತಿರ ಸಮತಟ್ಟಾದ ಒಂದು ಕಾಲುದಾರಿ ಸಿಗುತ್ತದೆ, ಟ್ರೇಲ್ ಆಫ್ ಟೈಮ್ ಅಂತ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದೆ ಹೋದ ಲೆಕ್ಕ. ದಾರಿಯ ಬದಿಯಲ್ಲಿ ಕಣಿವೆಯ ಒಂದೊಂದು ಪದರದ ಕಲ್ಲನ್ನೂ ತಂದು ಇಟ್ಟಿದ್ದಾರೆ. ಕೈಯಿಂದ ಮುಟ್ಟಿ ನೋಡಬಹುದು. ಕಣಿವೆಯ ತಳದ ಕಪ್ಪು ಕಲ್ಲಿಗೆ ವಿಷ್ಣು ಶಿಸ್ಟ್ ಅಂತ ಹೆಸರು, ವಯಸ್ಸು ಸುಮಾರು 175 ಕೋಟಿ ವರ್ಷ. ಅಲ್ಲಿನ ಶಿಖರಗಳಿಗೆ ವಿಷ್ಣು, ಶಿವನ ಹೆಸರಿಟ್ಟವರು 19ನೇ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. ನಮ್ಮ ಲಾಲ್‌ಬಾಗಿನ ಬಂಡೆ ಇದಕ್ಕಿಂತಲೂ ಹಳೆಯದು ಅಂತ ಅಪ್ಪನಿಗೆ ಹೇಳು, ಖುಷಿಪಡುತ್ತಾರೆ.

ನೀನು, ಸ್ಫೂರ್ತಿ ಸ್ವಲ್ಪ ಕೆಳಗಿಳಿಯಬಹುದು. ಇಳಿಯುವುದು ಸುಲಭ, ಹತ್ತುವುದಕ್ಕೆ ಎರಡರಷ್ಟು ಹೊತ್ತು ಬೇಕು. ನದಿಯವರೆಗೆ ಹೋಗಿ ಅದೇ ದಿನ ವಾಪಸ್ ಬರುವ ಸಾಹಸ ಬೇಡ ಅಂತ ಪಾರ್ಕಿನವರೇ ಬೋರ್ಡ್ ಹಾಕಿದ್ದಾರೆ. ದಯವಿಟ್ಟು ಕೇಳು.

ದುಡ್ಡಿನ ವಿಷಯ. 2026ರ ಜನವರಿಯಿಂದ ನ್ಯಾಷನಲ್ ಪಾರ್ಕುಗಳ ವಾರ್ಷಿಕ ಪಾಸ್ ಇಲ್ಲಿನ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಪಾಸ್ ಇಲ್ಲದ ಹೊರದೇಶದವರಿಗೆ 11 ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಜಾಸ್ತಿ. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್ ಎರಡೂ ಆ ಪಟ್ಟಿಯಲ್ಲಿವೆ. ಒಂದೇ ಕಾರಿನಲ್ಲಿ ನೀವೂ ಅವರೂ ಇರುವುದರಿಂದ ನಿಯಮ ಪೂರ್ತಿ ಓದಿ ಆಮೇಲೆ ಕೊಂಡುಕೋ.

ಇನ್ನು ಹವಾಯಿ. ಅದಕ್ಕೆ ನೀವಿಬ್ಬರೇ ಮುಂದೆ ಯಾವಾಗಲಾದರೂ ಹೋಗಿ ಬನ್ನಿ, ಅವರಿಗೆ ಅಷ್ಟು ಹೊತ್ತು ವಿಮಾನದಲ್ಲಿ ಕೂರುವುದು ಆಗುವುದಿಲ್ಲ. ಹೋದಾಗ ಕವಾಯಿ ದ್ವೀಪದ ಇರೈವನ್ ದೇವಸ್ಥಾನ ನೋಡಿ. ಅದರ ಕಲ್ಲುಗಳನ್ನು ಬೆಂಗಳೂರಿನ ಹತ್ತಿರ ಶಿಲ್ಪಿಗಳು ಉಳಿ ಸುತ್ತಿಗೆಯಲ್ಲೇ ಕೆತ್ತಿ ಹಡಗಿನಲ್ಲಿ ಕಳಿಸಿದ್ದು. 2023ರಲ್ಲಿ ಕುಂಭಾಭಿಷೇಕ ಆಯಿತು.

ಅಕ್ಟೋಬರ್‌ಗೆ ನಮ್ಮ ನಾರ್ತ್ ಕೆರೊಲಿನಾ, ಟೆನೆಸಿ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್. ನನಗೆ ಈ ದೇಶದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದೇ. ಕ್ಯಾನ್ಯನ್ ನೋಡಿದರೆ ಅಬ್ಬಾ ಅನ್ನಿಸುತ್ತದೆ. ಇಲ್ಲಿ ಸುಮ್ನೆ ಕೂತಿರಬೇಕು ಅನ್ನಿಸುತ್ತದೆ. ಬೆಟ್ಟದ ಮೇಲೆ ಬೆಟ್ಟ, ಮಧ್ಯೆ ಮಂಜು, ಕಾಡಿನ ತೊರೆ. ಮರಗಳು ಬಿಡುವ ಆವಿಯಿಂದಲೇ ದೂರದ ಬೆಟ್ಟಕ್ಕೆ ಆ ನೀಲಿ ಬಣ್ಣ. ಎಲೆಯ ಬಣ್ಣ ತುದಿಯಲ್ಲಿ ಶುರುವಾಗಿ ವಾರ ವಾರಕ್ಕೂ ಕೆಳಗಿಳಿಯುತ್ತದೆ. ಹಾಗಾಗಿ ಅಕ್ಟೋಬರ್ ನಡುವೆ ಯಾವ ದಿನ ಹೋದರೂ ಒಂದಲ್ಲ ಒಂದು ಎತ್ತರದಲ್ಲಿ ಕೆಂಪು ಹಳದಿ ಸಿಕ್ಕೇ ಸಿಗುತ್ತದೆ. ವರ್ಷಕ್ಕೆ ಕೋಟಿಗೂ ಜಾಸ್ತಿ ಜನ ಬರುವ ಪಾರ್ಕ್ ಇದು, ಆದರೆ ಪ್ರವೇಶ ಶುಲ್ಕ ಇಲ್ಲ. ಪಾರ್ಕಿಂಗ್‌ಗೆ ಮಾತ್ರ ದಿನಕ್ಕೆ 5 ಡಾಲರ್. ಅಲ್ಲಿನ ಕೇಡ್ಸ್ ಕೋವ್ ಕಣಿವೆಯ 11 ಮೈಲಿ ಸುತ್ತುರಸ್ತೆಗೆ ಬೆಳಗಿನ ಜಾವವೇ ಹೊರಡಬೇಕು, ಇಲ್ಲದಿದ್ದರೆ ಕಾರುಗಳ ಸಾಲಿನಲ್ಲೇ ಮಧ್ಯಾಹ್ನ ಆಗಿಹೋಗುತ್ತದೆ. ಕರಡಿ ಕಂಡರೆ ಕಾರಿನಿಂದ ಇಳಿಯಬೇಡಿ.

ಈ ಟ್ರಿಪ್‌ಗೆ ನಾನು, ದೊಡ್ಡಪ್ಪ ಇಬ್ಬರೂ ಬರುತ್ತೇವೆ. ಅಡುಗೆಮನೆ ಇರುವ ಕ್ಯಾಬಿನ್ ನಾನೇ ಬುಕ್ ಮಾಡುತ್ತೇನೆ. ಕುಕ್ಕರ್, ಸಾರಿನ ಪುಡಿ, ಅವಲಕ್ಕಿ ಎಲ್ಲ ಇಲ್ಲಿಂದ ತರುತ್ತೇನೆ. ವಾರದ ನಡುವಿನ ದಿನಗಳಾದರೆ ಬಾಡಿಗೆಯೂ ಕಡಿಮೆ, ಜನವೂ ಕಡಿಮೆ. ನಿನಗೆ ಯಾವ ತಾರೀಕು ರಜೆ ಸಿಗುತ್ತೆ ಅಂತ ಈ ಭಾನುವಾರದೊಳಗೆ ತಿಳಿಸು. ಅಪ್ಪ ಅಮ್ಮ ಹೊರಡುವ ಮೊದಲೇ ಇಬ್ಬರಿಗೂ ವಿಸಿಟರ್ ಇನ್ಶೂರೆನ್ಸ್ ಮಾಡಿಸು. ಬಿಪಿ ಮಾತ್ರೆಯನ್ನು ಡಾಕ್ಟರ್ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳು.

ಸ್ಫೂರ್ತಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ