ಅಂಬಾಸಿಡರ್ ಅಪ್ಪಚ್ಚಿ ಮಾಡೋ ಮುಂಚೆ ಡೋರ್ ಆದ್ರೂ ಬಿಚ್ಚಿ ಕೊಡಿ

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ರಿಜಿಸ್ಟ್ರೇಶನ್ 2023ರ ಏಪ್ರಿಲ್ 1ರಿಂದ ರಿನ್ಯೂ ಆಗಲ್ಲ, ಅವು ಗುಜರಿಗೇ ಹೋಗ್ಬೇಕು ಅನ್ನೋ ರೂಲ್ ನಿಮ್ಮ ಓದುಗರಿಗೆ ಗೊತ್ತಿರೋದೇ. ಹೊಗೆ ಕಾರೋ ಗಾಡಿ ರಸ್ತೆ ಬಿಟ್ಟು ಹೋಗ್ಲಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ತಾಲೂಕು ಆಫೀಸು, ಪಿಡಬ್ಲ್ಯೂಡಿ, ಪ್ರವಾಸಿ ಮಂದಿರಗಳ ಹಿಂದ್ಗಡೆ ಹೊಂಗೆ ಮರದ ಕೆಳಗೆ ಟೈರ್ ಗಾಳಿ ಹೋಗಿ ಕೂತಿರೋ ಬಿಳಿ ಅಂಬಾಸಿಡರ್‌ಗಳು ಇದಾವಲ್ಲ, ಅವನ್ನ ಲಾಟ್ ಲೆಕ್ಕದಲ್ಲಿ ಎತ್ಕೊಂಡು ಹೋಗಿ ಹಾಗೇ ಪ್ರೆಸ್‌ಗೆ ಹಾಕೋ ಬದ್ಲು ನಾಕು ಡೋರ್ ಬಿಚ್ಚಿ ಬೇರೆ ಮಾರಿ ಅಂತ ಸರ್ಕಾರದವ್ರನ್ನ ಕೇಳೋಕೆ ಈ ಪತ್ರ ಬರೀತಿದೀನಿ.

ಡೋರೇ ಯಾಕೆ ಅಂತೀರಾ? ಇಂಜಿನ್ ಸಾಮಾನು, ಬ್ರೇಕ್ ಸಾಮಾನು ಹುಡುಕಿದ್ರೆ ಇವತ್ತಿಗೂ ಎಲ್ಲೋ ಒಂದ್ಕಡೆ ಸಿಗುತ್ತೆ, ಸಿಗದಿದ್ರೆ ಲೇತಲ್ಲಿ ಮಾಡಿಸ್ಬಹುದು. ತಗಡಿನ ಕೆಲಸ ಹಂಗಲ್ಲ. ಅಂಬಾಸಿಡರ್ ತಯಾರಾಗ್ತಿದ್ದ ಬಂಗಾಳದ ಉತ್ತರಪಾರಾ ಫ್ಯಾಕ್ಟರಿ 2014ರ ಮೇ ತಿಂಗಳಲ್ಲಿ ನಿಂತೋಯ್ತು, ಹೊಸ ಡೋರ್ ಅನ್ನೋದು ಈಗ ಅಪರೂಪ. ಇನ್ನೊಂದು ಕಾರಿಂದ ತೆಗೆದ ಡೋರೇ ಗತಿ. ಪುಣ್ಯಕ್ಕೆ ಈ ಕಾರಿನ ಬಾಡಿ ದಶಕಗಳ ಕಾಲ ಹೆಚ್ಚು ಬದಲಾಗ್ಲಿಲ್ಲ, ಹ್ಯಾಂಡಲ್ಲು ಟ್ರಿಮ್ಮು ಬೇರೆ ಆದ್ರೂ ಒಂದು ಕಾಲದ ಡೋರನ್ನ ಇನ್ನೊಂದು ಕಾಲದ ಕಾರಿಗೆ ಒಳ್ಳೆ ಟಿಂಕರ್ ಇದ್ರೆ ಕೂರಿಸ್ಬಹುದು.

ಈ ಡೋರ್ ಕೊಳೆಯೋದು ಹೊರಗಿಂದ ಅಲ್ಲ, ಒಳಗಿಂದ. ಗ್ಲಾಸ್ ಇಳಿಯೋ ಸಂದಿಲಿರೋ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೆ ಮಳೆ ನೀರು ಸೀದಾ ಒಳಗೆ ಹೋಗುತ್ತೆ, ಕೆಳಗಡೆ ನೀರು ಹೋಗ್ಲಿ ಅಂತ ಬಿಟ್ಟಿರೋ ತೂತು ಮಣ್ಣು ಎಲೆ ಸೇರಿ ಮುಚ್ಕೊಂಡಿರುತ್ತೆ, ಹೊರಗಿನ ತಗಡನ್ನ ಫ್ರೇಮ್ ಸುತ್ತ ಮಡಚಿರೋ ಜಾಗದಲ್ಲಿ ಆ ನೀರು ನಿಂತು ನಿಂತು ಪೇಂಟ್ ಮೇಲೆ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ತಗಡು ಹಪ್ಪಳ ಆಗಿರುತ್ತೆ. ಆಮೇಲೆ ಯಾರೋ ಅದ್ರ ಮೇಲೆ ಪುಟ್ಟಿ ಅನ್ನೋ ಲೇಪ ಮೆತ್ತಿ ಪೇಂಟ್ ಹೊಡೆದು ಫಸ್ಟ್ ಕ್ಲಾಸ್ ಡೋರ್ ಸಾರ್ ಅಂತ ಮಾರ್ತಾರೆ. ಅದಕ್ಕೇ ತಗೊಳೋಕೆ ಹೋಗೋರು ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ತೆಳು ಬಟ್ಟೆ ಸುತ್ತಿ ಕೆಳಗಿನ ಅಂಚಿನುದ್ದಕ್ಕೂ ಎಳೆದು ನೋಡ್ಬೇಕು, ಅಂಟಲಿಲ್ಲ ಅಂದ್ರೆ ಅಲ್ಲಿರೋದು ಪುಟ್ಟಿ, ತಗಡಲ್ಲ. ಕೆಳಗಿನ ಅಂಚಷ್ಟೇ ಹೋಗಿದ್ರೆ ತೇಪೆ ಹಾಕಿಸ್ಕೊಳ್ಳಿ, ಇರೋ ಡೋರೇ ಸಾಕು. ಹಿಂಜ್ ಕೂರೋ ಕಡೆ ಫ್ರೇಮೇ ತಿಂದಿದ್ರೆ ಮಾತ್ರ ಬೇರೆ ಹುಡುಕ್ಬೇಕು. ಉಡುಪಿ ಮಂಗಳೂರು ಕಡೆ ಗಾಡಿಗಿಂತ ವಿಜಯಪುರ, ಬಳ್ಳಾರಿ, ರಾಯಚೂರು ಕಡೆ ಬಿಸಿಲಲ್ಲಿ ನಿಂತ ಗಾಡಿ ಡೋರೇ ವಾಸಿ, ಪೇಂಟ್ ಸುಟ್ಟೋಗಿರುತ್ತೆ, ರಬ್ಬರ್ ಪುಡಿಯಾಗಿರುತ್ತೆ, ಆದ್ರೆ ತಗಡು ಗಟ್ಟಿ ಇರುತ್ತೆ.

ಬಿಚ್ಚೋದ್ರಲ್ಲೂ ಒಂದು ರೀತಿ ಇದೆ. ಗುಜರಿಯವರು ಟೈಮಿಲ್ಲ ಅಂತ ಗ್ಯಾಸ್ ಕಟರ್ ಹಿಡಿದು ಹಿಂಜನ್ನೇ ಕತ್ತರಿಸ್ತಾರೆ, ಆ ಶಾಖಕ್ಕೆ ಡೋರ್ ಅಂಚು ಸೊಟ್ಟ ಆಯ್ತು ಅಂದ್ರೆ ಮುಗೀತು. ಹಿಂದಿನ ದಿನವೇ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಸಡಿಲ ಮಾಡಿದ್ರೆ ಹಿಂಜ್ ಸಮೇತ ಬರುತ್ತೆ. ಪಿಲ್ಲರ್ ಮೇಲಿನ ಲಾಕ್ ಕೊಕ್ಕೆ, ಗ್ಲಾಸ್ ಏರಿಸೋ ಮಷಿನ್ನು, ಮುಂದಿನ ಡೋರಿನ ತ್ರಿಕೋನ ಗ್ಲಾಸು ಎಲ್ಲ ಜೊತೆಗೇ ತಗೋಬೇಕು, ಆಮೇಲೆ ಒಂದೊಂದೇ ಹುಡುಕೋಕೆ ಹೋದ್ರೆ ಜನ್ಮ ಸಾಲಲ್ಲ.

ಫಿಟಿಂಗ್ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಬಹಳ ಕಡೆ ಇದು ಉಲ್ಟಾ ನಡೀತಿದೆ. ಅಂಬಾಸಿಡರ್‌ಗೆ ಲಾರಿ ಥರ ಬೇರೆ ಚಾಸಿಸ್ ಇಲ್ಲ, ಬಾಡಿನೇ ಭಾರ ಹೊರೋದು. ಡೋರ್ ಎಲ್ಲ ಕಳಚಿಟ್ಟು ಅವುಗಳ ಕೆಳಗೆ ಉದ್ದಕ್ಕೂ ಹೋಗೋ ಪಟ್ಟಿ, ಅಂದ್ರೆ ಸಿಲ್ ಕತ್ತರಿಸಿದ್ರೆ ನಡು ಬಗ್ಗುತ್ತೆ, ಆಮೇಲೆ ಎಂಥ ಒಳ್ಳೆ ಡೋರ್ ತಂದ್ರೂ ಕೂರಲ್ಲ, ಡೋರ್ ಸರಿ ಇಲ್ಲ ಸಾರ್ ಅಂತ ಡೋರಿನ ಮೇಲೆ ಹಾಕ್ತಾರೆ. ಸಿಲ್ ಕೆಲಸಕ್ಕೆ ಮುಂಚೆ ಡೋರ್ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿಸಿ, ಮಧ್ಯ ಮಧ್ಯ ಡೋರ್ ಇಟ್ಟು ನೋಡ್ತಿರಿ. ಕೂರಿಸೋವಾಗ ಕಾರು ಚಕ್ರದ ಮೇಲೇ ನಿಂತಿರ್ಲಿ. ಮೊದ್ಲು ಹಿಂದಿನ ಡೋರು, ಅದು ಬಾಡಿಗೆ ಸರಿ ಹೊಂದಿದ ಮೇಲೆ ಅದಕ್ಕೆ ತಕ್ಕಂಗೆ ಮುಂದಿನದು, ಕೊನೆಗೆ ಫೆಂಡರ್, ಅಂದ್ರೆ ಮುಂದಿನ ಚಕ್ರದ ಮೇಲಿನ ತಗಡು. ರಬ್ಬರ್ ಬೀಡಿಂಗ್ ಇಲ್ಲದೆ ಬರೀ ತಗಡಿನ ಡೋರ್ ಹಾಕಿ ಸುತ್ತ ಒಂದೇ ರಟ್ಟಿನ ತುಂಡು ತೂರಿಸಿ ಗ್ಯಾಪ್ ನೋಡಿ, ಪೇಂಟ್ ಏನಿದ್ರೂ ಅದಾದ ಮೇಲೆ.

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, 2021ರ ಜುಲೈಲಿ ಕೇಂದ್ರ ಸರ್ಕಾರನೇ ವಿಂಟೇಜ್ ಗಾಡಿ ರೂಲ್ ತಂತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ಚಾಸಿಸ್ಸು ಬಾಡಿ ಇಂಜಿನ್ನು ಬದಲಾಯಿಸಿರ್ಬಾರ್ದು, ಆಗ ವಿಎ ಅಕ್ಷರದ ನಂಬರ್ ಕೊಡ್ತಾರೆ, ಹೊಸ ರಿಜಿಸ್ಟ್ರೇಶನ್‌ಗೆ ಫೀಸು 20,000 ರೂಪಾಯಿ. ಒಂದು ಕೈಯಲ್ಲಿ ಮೂಲ ರೂಪ ಬೇಕು ಅಂತೀರಿ, ಇನ್ನೊಂದು ಕೈಯಲ್ಲಿ ಮೂಲ ಡೋರನ್ನೇ ಮುದ್ದೆ ಮಾಡ್ತೀರಿ. ಎಪ್ಪತ್ತರ ದಶಕದ ಮಾರ್ಕ್ 2 ಮಾಡೆಲ್ ಅಂಬಾಸಿಡರ್ ಇಟ್ಕೊಂಡೋರು ಎಲ್ಲಿಗೆ ಹೋಗ್ಬೇಕು ಸ್ವಾಮಿ?

ಗುಜರಿಗೆ ಹೋದ ಗಾಡಿ ಕಳ್ಳದಾರೀಲಿ ಮತ್ತೆ ರಸ್ತೆಗೆ ಬರುತ್ತೆ ಅನ್ನೋ ಭಯ ಇದ್ರೆ ಚಾಸಿಸ್ ನಂಬರ್ ಇರೋ ಭಾಗ ಹೇಗೂ ನಿಮ್ಮ ಹತ್ರನೇ ಇರುತ್ತೆ, ಬರೀ ಡೋರ್ ಇಟ್ಕೊಂಡು ಯಾರೂ ಕಾರ್ ಓಡಿಸಲ್ಲ. ಹರಾಜಿನ ಷರತ್ತಲ್ಲಿ ಒಂದು ಸಾಲು ಸೇರಿಸಿ, ಡೋರುಗಳನ್ನ ಹಿಂಜ್ ಸಮೇತ ಬಿಚ್ಚಿ, ಎಡ ಬಲ ಅಂತ ಚಾಕಲ್ಲಿ ಬರೆದು, ಯಾವ ಗಾಡಿದು ಅನ್ನೋ ನಂಬರ್ ಹಾಕಿ ಬಿಲ್ ಕೊಡಿ, ನಾಳೆ ಆರ್‌ಟಿಓ ಕೇಳಿದ್ರೆ ತೋರಿಸೋಕೆ ನಮಗೂ ಒಂದು ಕಾಗದ ಇರುತ್ತೆ. ಕೆಜಿ ಲೆಕ್ಕದ ಕಬ್ಬಿಣಕ್ಕಿಂತ ಜಾಸ್ತಿ ದುಡ್ಡು ಕೊಡೋಕೆ ನಾವು ರೆಡಿ ಇದೀವಿ. ಮಳೆಗಾಲಕ್ಕೆ ಮುಂಚೆ ಆದ್ರೆ ಒಳ್ಳೇದು, ಬಯಲಲ್ಲಿ ನಿಂತಿರೋ ಡೋರು ಇನ್ನೊಂದು ಮಳೆ ತಡೆಯೋದು ಕಷ್ಟ.

— ಹಳೇ ಕಾರಿನ ಹುಚ್ಚಿರೋ ಒಬ್ಬ ಓದುಗ, ದಾವಣಗೆರೆ