ಕುಯ್ಲು ಮುಗಿಸಿ ವಿಯೆನ್ನಾಕ್ಕೆ ಹೊರಡುವ ಮುನ್ನ

ಮಾನ್ಯ ಸಂಪಾದಕರೇ,

ಕೊಡಗಿನ ಬೆಳೆಗಾರರಿಗೆ ಯುರೋಪ್ ಪ್ರವಾಸಕ್ಕೆ ಸಿಗುವ ಬಿಡುವು ಒಂದೇ: ರೊಬಸ್ಟಾ ಕಾಫಿಯ ಕುಯ್ಲು ಮುಗಿದು, ಹೂಮಳೆಯೋ ಸ್ಪ್ರಿಂಕ್ಲರ್ ನೀರೋ ಆಗಿ, ಮುಂಗಾರು ಹಿಡಿಯುವ ಮೊದಲಿನ ಏಪ್ರಿಲ್-ಮೇ. ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಅರಮನೆಗಳ ವರ್ಣನೆ ಧಾರಾಳವಾಗಿ ಬರುತ್ತದೆ. ತೋಟದವರು ಮೊದಲ ಸಲ ಹೋಗುವಾಗ ಎಡವುವುದು ಎಲ್ಲಿ ಎಂಬುದು ಬರುವುದಿಲ್ಲ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು ಮುಂದಿಟ್ಟುಕೊಂಡು ಅದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ಕೊನೆಯ ಗಡುವು 15 ದಿನ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಬೇಕು, ಹೆಚ್ಚಿನ ವಿಚಾರಣೆ ಇದ್ದರೆ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆ ಪ್ರವಾಸಿಗರ ನೂಕುನುಗ್ಗಲಿನಲ್ಲಿ ಬೆರಳಚ್ಚು ಕೊಡುವ ದಿನಾಂಕ ಸಿಗುವುದೇ ಕಷ್ಟ. ಏಪ್ರಿಲ್‌ನಲ್ಲಿ ಹೊರಡುವವರು ಡಿಸೆಂಬರ್-ಜನವರಿಯಲ್ಲಿ, ಅಂದರೆ ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ, ಕಾಗದಪತ್ರ ಹಿಡಿದು ಕೂರಬೇಕು. ಕುಯ್ಲು ಮುಗಿಯಲಿ ಎಂದು ಕಾದವರಿಗೆ ಜೂನ್ ಮಳೆಯೇ ಗತಿ. ಶುಲ್ಕ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದಿಂದ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲೋ ಬೇಗ ಸಿಗುತ್ತದೆ ಎಂಬ ಏಜೆಂಟರ ಮಾತು ಕೇಳಿ ಹೋಗದ ದೇಶಕ್ಕೆ ಅರ್ಜಿ ಹಾಕಬೇಡಿ.

ಸಂಬಳದವರ ಅರ್ಜಿಗಿಂತ ಬೆಳೆಗಾರರ ಅರ್ಜಿ ತೊಡಕಿನದು. ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹದಗೊಳಿಸುವುದು) ಮಾಡಿಸದೆ ಚೆರಿಯಾಗಿಯೋ (ಇಡೀ ಹಣ್ಣು) ಪಾರ್ಚ್‌ಮೆಂಟ್ ಆಗಿಯೋ (ಒಳಸಿಪ್ಪೆ ಇರುವ ಬೀಜ) ಮಾರುವವರದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ರಿಟರ್ನ್ಸ್‌ನಲ್ಲಿ ತೆರಿಗೆ ಸೊನ್ನೆ ಕಾಣುತ್ತದೆ, ಇಲ್ಲವೇ ರಿಟರ್ನ್ಸ್ ಸಲ್ಲಿಸಿಯೇ ಇರುವುದಿಲ್ಲ. ಬ್ಯಾಂಕ್ ಖಾತೆ ತಿಂಗಳುಗಟ್ಟಲೆ ಬಡಕಲಾಗಿದ್ದು, ಕಾಫಿ ಮಾರಿದ ವಾರ ಲಕ್ಷಗಟ್ಟಲೆ ಒಮ್ಮೆಗೇ ಬೀಳುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಇದು ಅರ್ಜಿಗಾಗಿ ಸಾಲ ತಂದು ಹಾಕಿದ ದುಡ್ಡು. ಆದ್ದರಿಂದ ಜಮೆಯಾದ ಪ್ರತಿ ದೊಡ್ಡ ಮೊತ್ತಕ್ಕೂ ವ್ಯಾಪಾರಿಯ ಖರೀದಿ ಬಿಲ್ ಜೋಡಿಸಿ, ಹಿಂದಿನ ವರ್ಷದ ಬಿಲ್‌ಗಳನ್ನೂ ಇಡಿ, ವರ್ಷಕ್ಕೊಮ್ಮೆ ಹಣ ಬರುವ ಕಾರಣವನ್ನು ಒಂದು ಪುಟದ ಪತ್ರದಲ್ಲಿ ಇಂಗ್ಲಿಷಿನಲ್ಲಿ ವಿವರಿಸಿ. ಕಾಫಿ ಮಂಡಳಿಯ ನೋಂದಣಿ ಇದ್ದರೆ ಅದೂ ಇರಲಿ.

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮ್ಮಾ ಆಸ್ತಿಯವರಿಗೆ ಇನ್ನೊಂದು ಪೇಚು. ಆರ್‌ಟಿಸಿ (ಪಹಣಿ) ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿರುತ್ತದೆ, ಎಷ್ಟೋ ಕಡೆ ತೀರಿಹೋದ ಅಜ್ಜನ ಹೆಸರಿನಲ್ಲಿ. ಬರೀ ಆ ಆರ್‌ಟಿಸಿ ಇಟ್ಟರೆ ತೋಟಕ್ಕೂ ನಿಮಗೂ ಸಂಬಂಧವೇ ಕಾಣುವುದಿಲ್ಲ. ವಂಶವೃಕ್ಷ, ಕುಟುಂಬದ ಪಾಲುಪಟ್ಟಿ, ನಿಮ್ಮ ಹೆಸರಿನಲ್ಲಿರುವ ಬೆಳೆಸಾಲದ ದಾಖಲೆ ಜೊತೆಗಿರಲಿ, ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದವಿರಲಿ. ಬೆಳೆಗಾರರ ಸಂಘಗಳು ಇಂಥ ಅರ್ಜಿಗೆ ಒಂದು ಮಾದರಿ ಪತ್ರ ತಯಾರಿಸಿ ಹಂಚಿದರೆ ಎಷ್ಟೋ ಮನೆಗಳಿಗೆ ಉಪಕಾರ.

ಇನ್ನು ಪೆಟ್ಟಿಗೆ. ಮಗನೋ ಮಗಳೋ ಅಲ್ಲಿದ್ದರೆ ಪಂದಿಕರಿ (ಹಂದಿ ಮಾಂಸದ ಸಾರು) ಕಟ್ಟಿಕೊಡುವ ಆಸೆ ಸಹಜ. ಆದರೆ ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಒಣಮಾಂಸ, ತುಪ್ಪ, ಹಾಲಿನ ಸಿಹಿ ಎಲ್ಲವೂ ಇದರಲ್ಲಿ ಬಂದವು. ಜೇನುತುಪ್ಪ ಒಬ್ಬರಿಗೆ 2 ಕೆ.ಜಿ.ವರೆಗೆ ಸರಿ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್ ಒಯ್ಯಬಹುದು. ಕಿತ್ತಳೆಗೂ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಾಫಿಪುಡಿಗೆ ಅಡ್ಡಿಯಿಲ್ಲ. ಅಡುಗೆಯ ಹುಳಿರಸ ಕಾಚಂಪುಳಿ ದ್ರವವಾದ್ದರಿಂದ ಕೈಚೀಲದಲ್ಲಿ ಬೇಡ, ಭದ್ರವಾಗಿ ಮುಚ್ಚಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಉಡುಗೊರೆಯ ಪೀಚೆಕತ್ತಿಯೂ ಕೈಚೀಲದಲ್ಲಿ ಸಲ್ಲದು. ದುಬೈ ಮೂಲಕ ಹೋಗುವವರು ಮಸಾಲೆ ಡಬ್ಬಿಯಲ್ಲಿ ಗಸಗಸೆ ಉಳಿದಿದೆಯೇ ಎಂದು ಎರಡು ಸಲ ನೋಡಿ. ಯುಎಇಯಲ್ಲಿ ಅದು ನಿಷಿದ್ಧ, ಅಡುಗೆಗೆ ತಂದದ್ದು ಎಂಬ ವಿವರಣೆ ನಡೆಯುವುದಿಲ್ಲ.

ಫ್ರಾಂಕ್‌ಫರ್ಟ್‌ನಂಥ ಊರಿನಲ್ಲಿ ವಿಮಾನ ಬದಲಿಸುವುದಾದರೆ ವಲಸೆ ತಪಾಸಣೆ ಅಲ್ಲಿಯೇ ಆಗುತ್ತದೆ, ವಿಯೆನ್ನಾದಲ್ಲಲ್ಲ. 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಪಾಸ್‌ಪೋರ್ಟ್ ಮುದ್ರೆಯ ಬದಲು ಮುಖದ ಚಿತ್ರ, ಬೆರಳಚ್ಚು ತೆಗೆದುಕೊಳ್ಳುವ ವ್ಯವಸ್ಥೆ ಬಂದಿದ್ದು, ಮೊದಲ ಸಲದವರಿಗೆ ಸಾಲು ಉದ್ದ. ನಡುವೆ ಮೂರು ಗಂಟೆಯಾದರೂ ಇರುವ ಟಿಕೆಟ್ ಕೊಳ್ಳಿ.

ವಿಯೆನ್ನಾ ವಿಮಾನ ನಿಲ್ದಾಣದಿಂದ ಊರಿನೊಳಗಿನ ವೀನ್ ಮಿಟ್ಟೆ ರೈಲು ನಿಲ್ದಾಣಕ್ಕೆ ಹಸಿರು ಬಣ್ಣದ ಸಿಎಟಿ (ಸಿಟಿ ಏರ್‌ಪೋರ್ಟ್ ಟ್ರೇನ್) ರೈಲು 16 ನಿಮಿಷದಲ್ಲಿ ತಲುಪಿಸುತ್ತದೆ. ಅದೇ ನಿಲ್ದಾಣಕ್ಕೆ ಎಸ್7 ಎಂಬ ಸಾಮಾನ್ಯ ರೈಲು ಸುಮಾರು 25 ನಿಮಿಷದಲ್ಲಿ, ಮೂರನೇ ಒಂದರಷ್ಟು ದರದಲ್ಲಿ ಹೋಗುತ್ತದೆ. ಹತ್ತು ನಿಮಿಷ ಉಳಿಸಲು ಅಷ್ಟು ತೆರುವುದು ದಂಡ. ನಗರದ ಪಾಸ್ ನಗರದ ಗಡಿಯೊಳಗೆ ಮಾತ್ರ ಸಲ್ಲುತ್ತದೆ. ವಿಮಾನ ನಿಲ್ದಾಣ ಗಡಿಯ ಆಚೆಗಿದೆ, ಹೆಚ್ಚುವರಿ ಟಿಕೆಟ್ ಬೇಕು.

ಮೆಟ್ರೋದಲ್ಲಿ ನಮ್ಮ ಬೆಂಗಳೂರಿನಂತೆ ತಡೆಗೇಟು ಇಲ್ಲ. ಕಾಗದದ ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರ್ಮಿಗೆ ಇಳಿಯುವ ಮೊದಲೇ ನೀಲಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಟ್ರಾಮ್, ಬಸ್ಸಿನಲ್ಲಿ ಪೆಟ್ಟಿಗೆ ಒಳಗಡೆಯೇ ಇರುತ್ತದೆ. ಮೊಬೈಲಿನಲ್ಲಿ ಕೊಂಡದ್ದಕ್ಕೆ ಮುದ್ರೆ ಬೇಡ. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದಂತೆ. ತಪಾಸಕರು ಸಾದಾ ಬಟ್ಟೆಯಲ್ಲಿ ಬರುತ್ತಾರೆ, ದಂಡ ನೂರು ಯೂರೋ ಮೀರುತ್ತದೆ. ಮಾರ್ಗಗಳಿಗೆ ಯು1ರಿಂದ ಯು6ರವರೆಗೆ ಹೆಸರಿದ್ದರೂ ಯು5 ಇನ್ನೂ ನಿರ್ಮಾಣದಲ್ಲಿದೆ, ಹುಡುಕಿ ಸುಸ್ತಾಗಬೇಡಿ. ಕಾಲುಹಾದಿಯ ಪಕ್ಕ ಸೈಕಲ್ ಗುರುತಿದ್ದರೆ ಅಲ್ಲಿ ನಿಂತು ಫೋಟೋ ತೆಗೆಯುವುದು ಅಪಾಯ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಕೆಲವು ಮಾತ್ರ ತೆರೆದಿರುತ್ತವೆ, ಅಲ್ಲಿ ಜಾತ್ರೆಯಷ್ಟು ಜನ. ಶನಿವಾರವೇ ಸಾಮಾನು ತಂದಿಡಿ. ನೀರಿನ ಬಾಟಲಿಗೆ ದುಡ್ಡು ಬೇಡ: ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆಯ ನೀರು, ಮೊದಲ ಕೊಳವೆ ಮಾರ್ಗ 1873ರದು. ಷೋನ್‌ಬ್ರುನ್ ಅರಮನೆಯ ಒಳಗೆ ಹೋಗಲು ಗಂಟೆ ನಿಗದಿಯಾದ ಟಿಕೆಟನ್ನು ಮುಂಚೆಯೇ ಕೊಳ್ಳಿ. ಅದರ ದೊಡ್ಡ ತೋಟ ಉಚಿತ. ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಲಿಫ್ಟ್ ಇಲ್ಲ. ಮೊಣಕಾಲು ನೋವಿನವರು ಲಿಫ್ಟ್ ಇರುವ ಉತ್ತರ ಗೋಪುರ ನೋಡಿಕೊಳ್ಳಲಿ. ಬೀದಿಯಲ್ಲಿ ಮೊಜಾರ್ಟ್ ಕಾಲದ ವೇಷ ತೊಟ್ಟು ಸಂಗೀತ ಕಚೇರಿಯ ಟಿಕೆಟ್ ಮಾರುವವರು ಪ್ರಸಿದ್ಧ ಸ್ಟೇಟ್ ಒಪೆರಾದವರಲ್ಲ.

ಊಟದ ಬಗ್ಗೆ ಒಂದು ಎಚ್ಚರ. ಅಲ್ಲಿನ ಕಾನೂನಿನಂತೆ ಬರೀ ‘ವೀನರ್ ಷ್ನಿಟ್ಸೆಲ್’ ಎಂದರೆ ಕರುವಿನ ಮಾಂಸ. ದನದ ಮಾಂಸ ತಿನ್ನದ ಕೊಡಗಿನವರು ‘ಫಾಮ್ ಷ್ವೈನ್’ ಎಂದಿರುವುದನ್ನು ಕೇಳಿದರೆ ಹಂದಿಯದ್ದು ಬರುತ್ತದೆ, ಅಗ್ಗವೂ ಹೌದು. ಕಾಫಿಹೌಸಿನಲ್ಲಿ ‘ಒಂದು ಕಾಫಿ’ ಎಂದರೆ ಯಾವುದು ಎಂಬ ಪ್ರಶ್ನೆ ಬರುತ್ತದೆ. ಹಾಲು ನೊರೆ ಬೇಕಾದರೆ ಮೆಲಾಂಜ್, ಕೆನೆ ಬೇಕಾದರೆ ಐನ್‌ಷ್ಪೆನರ್. ಚಿಕೋರಿ ಬೆರೆಸಿ ಕುಡಿದ ನಾಲಿಗೆಗೆ ಎರಡೂ ತೆಳ್ಳಗೆನಿಸಬಹುದು. ಜೊತೆಗೆ ಒಂದು ಲೋಟ ನೀರು ಕೊಡುತ್ತಾರೆ, ಒಂದು ಕಪ್ಪಿಗೆ ಗಂಟೆಗಟ್ಟಲೆ ಕೂತರೂ ಎಬ್ಬಿಸುವುದಿಲ್ಲ. ಬಿಲ್ ತಾನಾಗಿ ಬರದು, ಕೇಳಬೇಕು. ಭಕ್ಷೀಸು ಶೇಕಡಾ 5ರಿಂದ 10. ಅದನ್ನು ಮೇಜಿನ ಮೇಲೆ ಬಿಡದೆ, ಹಣ ಕೊಡುವಾಗಲೇ ಸೇರಿಸಿ ಮೊತ್ತ ಹೇಳುವುದು ಅಲ್ಲಿನ ರೂಢಿ.

ಇತಿ,
ಒಬ್ಬ ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು