ಪಡಿತರ ಮಾರಿದರು ಅಂತ ಪಡಿತರ ಕಡಿಯಬೇಡಿ

ಮಾನ್ಯ ಸಂಪಾದಕರೇ,

ನಿರಾಶ್ರಿತರ ಶಿಬಿರಗಳ ಮಾತು ಬಂದಾಗಲೆಲ್ಲ ಒಂದು ದೂರು ಕೇಳಿಬರುತ್ತದೆ. ‘ಕೊಟ್ಟ ಧಾನ್ಯವನ್ನು ಸಂತೆಯಲ್ಲಿ ಮಾರಿಕೊಳ್ಳುತ್ತಾರೆ. ಅಂದಮೇಲೆ ಜಾಸ್ತಿಯೇ ಸಿಗುತ್ತಿದೆ, ಅಲ್ವಾ?’ ತಿಳಿದವರೂ ಹೀಗೆ ಹೇಳುವುದನ್ನು ಕೇಳಿ ಸಂಕಟವಾಗುತ್ತದೆ. ಅದಕ್ಕೇ ಈ ಪತ್ರ.

ಒಂದು ಸಂಸಾರದ ಲೆಕ್ಕ ನೋಡಿ. ಎಷ್ಟೋ ಶಿಬಿರಗಳಲ್ಲಿ ಧಾನ್ಯ ಇಡೀ ಕಾಳಾಗಿಯೇ ಬರುತ್ತದೆ. ಅದನ್ನು ಬೀಸಿಸಬೇಕು. ಗಿರಣಿಗೆ ಕಾಸು ಕೊಡಬೇಕು. ಕಾಸಿಲ್ಲದಿದ್ದರೆ ಆ ಕಾಳಿನಲ್ಲೇ ಒಂದು ಪಾಲು ಗಿರಣಿಯವನಿಗೆ ಹೋಗುತ್ತದೆ. ಬೇಯಿಸಲು ಸೌದೆ ಬೇಕು. ಮಗುವಿಗೆ ಜ್ವರ ಬಂದರೆ ಔಷಧಿ ಬೇಕು. ಸೊಪ್ಪು, ತರಕಾರಿ, ಮಕ್ಕಳ ಪುಸ್ತಕ, ಇವೆಲ್ಲ ಪಡಿತರದ ಚೀಲದಲ್ಲಿ ಬರುವುದಿಲ್ಲ. ಆ ಮನೆಯಲ್ಲಿ ಮಾರಬಹುದಾದ ವಸ್ತು ಅಂತ ಇರುವುದು ಆ ಚೀಲ ಒಂದೇ. ಅದರಲ್ಲೇ ಒಂದಿಷ್ಟು ಮಾರುತ್ತಾರೆ. ಅದೂ ವಿತರಣೆಯ ದಿನವೇ, ಎಲ್ಲರೂ ಒಟ್ಟಿಗೆ ಮಾರಿ ಬೆಲೆ ಬಿದ್ದಿರುವಾಗ. ತಿಂಗಳ ಕೊನೆಗೆ ಅದೇ ಧಾನ್ಯವನ್ನು ಸಾಲ ಮಾಡಿ, ಹೆಚ್ಚು ಬೆಲೆಗೆ ತರುತ್ತಾರೆ. ಹೊಟ್ಟೆ ತುಂಬಿದವರು ಇಂಥ ವ್ಯಾಪಾರ ಮಾಡುತ್ತಾರೆಯೇ?

ಕಾಳು ಮಾರಿ ತರಕಾರಿ ತರುವುದನ್ನು ತಪ್ಪು ಅನ್ನುವವರು ಮಲಾವಿಯಲ್ಲಿ ನಡೆದದ್ದನ್ನು ನೆನೆಯಬೇಕು. ಮೊಜಾಂಬಿಕ್‌ನಿಂದ ಓಡಿ ಬಂದು ಅಲ್ಲಿದ್ದ ನಿರಾಶ್ರಿತರಲ್ಲಿ 18,000ಕ್ಕೂ ಹೆಚ್ಚು ಜನರಿಗೆ 1990ರಲ್ಲಿ ಪೆಲಾಗ್ರಾ ಬಂತು. ಬಿಸಿಲು ತಾಗಿದ ಚರ್ಮ ಸುಟ್ಟಂತಾಗಿ ಸುಲಿಯುವ, ಭೇದಿ ಹಿಡಿಸುವ, ಕೊನೆಗೆ ಬುದ್ಧಿಯನ್ನೂ ಮಂಕು ಮಾಡುವ ರೋಗ ಅದು. ಅವರ ಊಟವೆಲ್ಲ ಮುಸುಕಿನ ಜೋಳ. ಅದರಲ್ಲಿ ಮೈಗೆ ಹತ್ತುವ ನಯಾಸಿನ್ ಎಂಬ ವಿಟಮಿನ್ ತೀರಾ ಕಡಿಮೆ. ಆ ಕೊರತೆ ತುಂಬುತ್ತಿದ್ದದ್ದು ಕಡಲೆಕಾಯಿ. ಅದರ ಪೂರೈಕೆ ನಿಂತುಹೋಗಿತ್ತು. ತುರ್ತು ನೆರವಿನಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಅನ್ನುವ ಲೆಕ್ಕವಿದೆ. ಆ ಅಂಕಿ ಮುಟ್ಟಿದ ಮಾತ್ರಕ್ಕೆ ಊಟ ಆಯಿತು ಅನ್ನಲಾಗದು. ಜೋಳ ಮಾರಿ ಸೊಪ್ಪು ತಂದ ತಾಯಿಗೆ ಇದು ಗೊತ್ತು.

ಈಗ ಹೊಸದೊಂದು ಮಾತು ಸೇರಿಕೊಂಡಿದೆ: ಪಡಿತರ ಕಡಿಮೆ ಮಾಡಿದರೆ ಜನ ತಾವೇ ದುಡಿಯುತ್ತಾರೆ, ತಮ್ಮ ಕಾಲ ಮೇಲೆ ನಿಲ್ಲುತ್ತಾರೆ. ನನ್ನ ತಕರಾರು ಇರುವುದು ಮುಖ್ಯವಾಗಿ ಇದಕ್ಕೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ನೋಡಿ. 2017ರ ಆಗಸ್ಟ್‌ನಿಂದ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರ್‌ನಿಂದ ಅಲ್ಲಿಗೆ ಬಂದರು. ಶಿಬಿರದ ಹೊರಗೆ ಕೆಲಸ ಮಾಡಲು ಅವರಿಗೆ ಅನುಮತಿ ಇಲ್ಲ. ಹಣ ಸಾಲದೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವು ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ನೆರವನ್ನು 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ದಿನಕ್ಕೆ 27 ಸೆಂಟ್! 2024ರಲ್ಲಿ ಮತ್ತೆ ಏರಿಸಿದರು. 2025ರ ಮಾರ್ಚ್‌ನಲ್ಲಿ, ಹಣ ಬರದಿದ್ದರೆ ಮುಂದಿನ ತಿಂಗಳಿಂದ 6 ಡಾಲರ್ ಎಂದು ತಿಳಿಸಿದರು. ತಿಂಗಳ ಕೊನೆಗೆ ಹಣ ಒದಗಿತು, ಅಷ್ಟು ದೊಡ್ಡ ಕಡಿತ ತಪ್ಪಿ 12 ಡಾಲರ್ ಉಳಿಯಿತು. ಪುಣ್ಯಕ್ಕೆ, ಉಳಿಯಿತು. ಆದರೆ ಆ ತಿಂಗಳು ಅಲ್ಲಿನ ಮನೆಗಳಲ್ಲಿ ಹೇಗೆ ಕಳೆದಿರಬಹುದು? ಕೆಲಸದ ಬಾಗಿಲು ಮುಚ್ಚಿಟ್ಟು ಅನ್ನದ ತಟ್ಟೆಯನ್ನೂ ಎಳೆದುಕೊಂಡರೆ ಸ್ವಾವಲಂಬನೆ ಎಲ್ಲಿಂದ ಬರುತ್ತದೆ?

ಬಾಗಿಲು ತೆರೆದಿರುವ ಕಡೆಯೂ ಇದು ಸುಲಭವಲ್ಲ. ಉಗಾಂಡಾದ 2006ರ ಕಾನೂನು ನಿರಾಶ್ರಿತರಿಗೆ ಕೆಲಸ ಮಾಡುವ, ಓಡಾಡುವ ಹಕ್ಕು ಕೊಟ್ಟಿದೆ. ವಸತಿಗಳಲ್ಲಿ ಜಮೀನಿನ ತುಂಡನ್ನೂ ಕೊಡುತ್ತಾರೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ 2016ರಲ್ಲಿ ದಕ್ಷಿಣ ಸುಡಾನ್‌ನವರಿಗಾಗಿ ತೆರೆದ ‘ಬಿಡಿಬಿಡಿ’ ಎಂಬ ವಸತಿಯಲ್ಲಿ ಒಂದು ಸಂಸಾರಕ್ಕೆ ಸಿಕ್ಕಿದ ಜಾಗ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ ಕಾಲು ಎಕರೆಯೂ ಇಲ್ಲ. ಮನೆಯೂ ಅದರಲ್ಲೇ ಆಗಬೇಕು. ಮಳೆ ನಂಬಿದ ಬೇಸಾಯ. ವರ್ಷವಿಡೀ ಉಣ್ಣಲು ಅದು ಸಾಕಾಗುವುದಿಲ್ಲ ಅನ್ನಲು ಕೃಷಿ ಪಂಡಿತರೇ ಬೇಕಿಲ್ಲ.

ಕೀನ್ಯಾದ ಕಾಕುಮಾ ಶಿಬಿರದಿಂದ ಇನ್ನೊಂದು ವಿಷಯ ಕಲಿಯಬಹುದು. ಅಲ್ಲಿ 2015ರಿಂದ ‘ಬಾಂಬಾ ಚಕುಲಾ’ ಎಂಬ ಏರ್ಪಾಡು ಬಂತು. ಆಹಾರದ ನೆರವಿನ ಒಂದು ಭಾಗ ಮೊಬೈಲ್ ಫೋನಿಗೆ ಬರುತ್ತಿತ್ತು. ನೋಂದಾಯಿತ ಅಂಗಡಿಗಳಲ್ಲಿ ಬೇಕಾದ ಆಹಾರ ಕೊಳ್ಳಬಹುದಿತ್ತು. ಆ ಅಂಗಡಿಗಳಲ್ಲಿ ಹಲವನ್ನು ನಡೆಸುತ್ತಿದ್ದವರು ನಿರಾಶ್ರಿತರೇ, ಕೆಲವರು ಸುತ್ತಲಿನ ಊರವರು. ಇಂಥ ಕಡೆ ನೆರವು ಕಡಿದರೆ ಏನಾಗುತ್ತದೆ? ಗಿರಾಕಿಯ ಕೈ ಬರಿದಾಗುತ್ತದೆ. ಅಂಗಡಿಯವನ ಉದ್ರಿ ವಸೂಲಾಗುವುದಿಲ್ಲ. ಹೊಲಿಗೆ ಕಲಿತವಳ ಬಳಿ ಬಟ್ಟೆ ಹೊಲಿಸಲು ಯಾರೂ ಬರುವುದಿಲ್ಲ. ಅವಳಿಗೆ ಮಷೀನು ಕೊಟ್ಟ ಯೋಜನೆಯ ವರದಿಯಲ್ಲಿ ಮಾತ್ರ ‘ತರಬೇತಿ ಪೂರ್ಣ’ ಎಂದಿರುತ್ತದೆ. ಶಿಬಿರದ ಪೇಟೆಯಲ್ಲಿ ಓಡಾಡುವ ದುಡ್ಡಿನ ದೊಡ್ಡ ಪಾಲು ಆ ಪಡಿತರದ್ದೇ. ಜೀವನೋಪಾಯಕ್ಕೆ ಬಂಡವಾಳ ಅಂದರೂ ಅದೇ. ಅದಕ್ಕೇ ಆಹಾರ ಒಂದು ವಿಭಾಗ, ದುಡಿಮೆ ಇನ್ನೊಂದು ವಿಭಾಗ ಎಂದು ಬೇರೆ ಬೇರೆ ಫೈಲುಗಳಲ್ಲಿ ನಡೆಸುವುದು ತಪ್ಪು.

ಬೇಸಾಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಸಿದ ಮನೆಗೆ ಬಿತ್ತನೆ ಬೀಜ ಮಾತ್ರ ಕೊಟ್ಟರೆ ಅದು ಮಣ್ಣಿಗೆ ಹೋಗುವ ಬದಲು ಒಲೆಗೆ ಹೋಗುತ್ತದೆ. ಬೀಜದ ಜೊತೆಗೇ ಪೈರು ಕೈಗೆ ಬರುವವರೆಗಿನ ಊಟವನ್ನೂ ಕೊಡಬೇಕು. ಸಾಕಲು ಮೇಕೆ ಕೊಟ್ಟರೂ ಅಷ್ಟೇ. ಪಡಿತರ ಕಡಿದ ತಿಂಗಳು ಮೊದಲು ಮಾರಾಟವಾಗುವುದು ಅದೇ. ಇನ್ನು ಬೀಜ ಮಳೆಗೆ ಮುಂಚೆ ತಲುಪಬೇಕು. ಹಣ ಮಂಜೂರಾದದ್ದು ತಡವಾಯಿತು ಅಂತ ಮಳೆ ಕಾಯುವುದಿಲ್ಲ.

ಮಾಡಬಹುದಾದದ್ದು ಬಹಳ ಇದೆ, ದುಬಾರಿಯೂ ಅಲ್ಲ. ಕಾಳು ಕೊಡುವುದಾದರೆ ಗಿರಣಿಯ ಖರ್ಚನ್ನೂ ಸೇರಿಸಿ ಕೊಡಿ, ಇಲ್ಲವೇ ಹಿಟ್ಟನ್ನೇ ಕೊಡಿ. ಪೇಟೆಯಲ್ಲಿ ಸರಕು ಸಿಗುವ ಕಡೆ ನಗದು ಕೊಡಿ, ಬೆಲೆ ಏರಿದಂತೆ ಮೊತ್ತವನ್ನೂ ಏರಿಸಿ. ಕಾಕ್ಸ್ ಬಜಾರ್‌ನಲ್ಲಿ 2018ರಿಂದ ಗ್ಯಾಸ್ ಸಿಲಿಂಡರ್ ಕೊಟ್ಟ ಮೇಲೆ ಸೌದೆಗಾಗಿ ಕಾಡಿಗೆ ಹೋಗುವುದು ಎಷ್ಟೋ ತಗ್ಗಿತು. ಕಡಿತ ತಪ್ಪದಿದ್ದರೆ ತಿಂಗಳುಗಳ ಮುಂಚೆ ಹೇಳಿ. ಯಾರನ್ನು ಪಟ್ಟಿಯಿಂದ ಬಿಟ್ಟಿರಿ, ಏಕೆ ಬಿಟ್ಟಿರಿ ಅನ್ನುವುದನ್ನು ಅವರ ಭಾಷೆಯಲ್ಲೇ ತಿಳಿಸಿ. ದೂರು ಕೇಳಲು ಒಬ್ಬರು ಕೂತಿರಲಿ. ಸುಮ್ನೆ ಪೆಟ್ಟಿಗೆ ಇಟ್ಟರೆ ಸಾಲದು. ಎಲ್ಲಕ್ಕಿಂತ ಮೊದಲು ಕೆಲಸದ ಪರವಾನಗಿ ಕೊಡಿಸಿ. ಪಡಿತರ ಇಳಿಸುವ ಮಾತು ಆಮೇಲೆ ಬರಲಿ.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ಶಿಬಿರದ ಸಂತೆಯಲ್ಲಿ ಪಡಿತರದ ಎಣ್ಣೆ, ಅಕ್ಕಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ, ಅದನ್ನು ಮಾರಿದವರು ಆ ದುಡ್ಡಿನಲ್ಲಿ ಏನು ಕೊಂಡರು ಎಂಬುದನ್ನೂ ದಯವಿಟ್ಟು ಕೇಳಿ ಬರೆಯಿರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ